ವಿಡಿಯೊ ನೋಡಿ ಕೋವಿ ಬಿಚ್ಚಿದ್ದು, ಮತ್ತೆ ಜೋಡಿಸಿದ್ದು

ಕೋವಿ ಬಿಚ್ಚೋದನ್ನು ತೋರಿಸುವ ವಿಡಿಯೊಗಳಿಗೆ ಬರವಿಲ್ಲ. ಮತ್ತೆ ಜೋಡಿಸೋದನ್ನು ಪೂರ್ತಿ ತೋರಿಸುವವು ಮಾತ್ರ ಬೆರಳೆಣಿಕೆಯಷ್ಟು. ಬಿಚ್ಚುವುದಕ್ಕೆ ಸಮಯವೆಲ್ಲ ಕೊಟ್ಟು, ಕೊನೆಗೆ ‘ಇದನ್ನೇ ಹಿಂದುಮುಂದಾಗಿ ಮಾಡಿದರೆ ಆಯ್ತು’ ಎಂದು ಮುಗಿಸಿಬಿಡುತ್ತಾರೆ. ಹಾಗೆ ಆಗೋದಿಲ್ಲ. ಬಿಚ್ಚುವಾಗ ತಾನಾಗಿ ಕೈಗೆ ಬಿದ್ದ ಭಾಗ ಜೋಡಿಸುವಾಗ ತಾನಾಗಿ ಹೋಗಿ ಕೂರುತ್ತದೆಯೇ? ಅದಕ್ಕೇ ಯಾವ ವಿಡಿಯೊ ತೆರೆದರೂ ನಾನು ಮೊದಲು ಕೊನೆಗೆ ಹೋಗಿ ನೋಡುತ್ತೇನೆ. ಜೋಡಣೆ ಇಲ್ಲದಿದ್ದರೆ ಅದನ್ನು ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗುತ್ತೇನೆ.

ನನ್ನದು ಮಾಸ್‌ಬರ್ಗ್ 500, 12 ಬೋರಿನ ಪಂಪ್ ಕೋವಿ, ಅಂದರೆ ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಏರಿಸುವಂಥದ್ದು. 1960ರ ದಶಕದಿಂದ ತಯಾರಾಗುತ್ತಿರುವ ಮಾದರಿ, ಹಾಗಾಗಿ ವಿಡಿಯೊಗಳು ಧಾರಾಳ. ಅದೇ ತಲೆನೋವು ಕೂಡ. ಹಳೆಯ 500ರಲ್ಲಿ ಪಂಪಿಗೆ ಒಂದೇ ಸರಳು, ಈಚಿನದರಲ್ಲಿ ಎರಡು. ಅದೇ ಕಂಪನಿಯ 590 ನೋಡಲು ಇದರ ಅಣ್ಣನಂತಿದ್ದರೂ ಅದರ ನಳಿಗೆಯನ್ನು ಹಿಡಿದಿರುವುದು ನಳಿಗೆಯ ಕೆಳಗೆ ತೋಟಾ ತುಂಬಿಡುವ ಕೊಳವೆಯ ತುದಿಯ ಮುಚ್ಚಳ. 500ರಲ್ಲಿ ನಳಿಗೆಯ ಕೆಳಗಿರುವ ಸ್ಕ್ರೂ ಆ ಕೆಲಸ ಮಾಡುತ್ತದೆ. ವಿಡಿಯೊದವರ ಕೋವಿ ಮತ್ತು ನಮ್ಮ ಕೋವಿ ಒಂದೇ ಹೌದೋ ಅಲ್ಲವೋ ಅಂತ ಮೊದಲ ನಿಮಿಷದಲ್ಲೇ ನೋಡಿಕೊಳ್ಳುವುದು ಒಳ್ಳೆಯದು.

ಮೊದಲ ಸಲ ನೋಡುವಾಗ ಕೋವಿಯನ್ನು ಹತ್ತಿರ ಇಟ್ಟುಕೊಳ್ಳಬೇಡಿ. ಕೈಕಟ್ಟಿ ಕೂತು ಪೂರ್ತಿ ನೋಡಿ. ಎರಡನೇ ಸಲ ಕಂಪನಿಯ ಕೈಪಿಡಿಯಲ್ಲಿರುವ ಬಿಡಿಭಾಗಗಳ ಚಿತ್ರ ಪಕ್ಕದಲ್ಲಿರಲಿ. ಒಂದೇ ಭಾಗಕ್ಕೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ, ಚಿತ್ರದಲ್ಲಿ ಅದಕ್ಕೊಂದು ನಂಬರ್ ಇರುತ್ತದೆ. ಆಮೇಲೆ ವೇಗ ಅರ್ಧಕ್ಕೆ ಇಳಿಸಿ, ಕೆಲಸ ಶುರು.

ಶುರು ಅಂದರೆ ತೋಟಾಗಳನ್ನೆಲ್ಲ ಬೇರೆ ಕೋಣೆಗೆ ಸಾಗಿಸುವುದು. ನಳಿಗೆ ಯಾರೂ ಇಲ್ಲದ ಕಡೆಗೆ ತಿರುಗಿರಬೇಕು, ಬೆರಳು ಕುದುರೆಯಿಂದ, ಅಂದರೆ ಟ್ರಿಗರ್‌ನಿಂದ, ದೂರ ಇರಬೇಕು. ಪಂಪ್ ಹಿಂದಕ್ಕೆ ಎಳೆದು ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಕೋಣೆಯೊಳಗೆ (ಚೇಂಬರ್) ಕಣ್ಣು ಹಾಯಿಸಿ, ಬೆರಳನ್ನೂ ಹಾಕಿ ನೋಡಬೇಕು. ತೋಟಾ ಕೊಳವೆಯ ಬಾಯಿಗೂ ಬೆರಳು ಹಾಕಬೇಕು, ಏಕೆಂದರೆ ಪಂಪ್ ಕೋವಿಯಲ್ಲಿ ತೋಟಾ ಅಡಗಿ ಕೂರೋದು ಅಲ್ಲೇ. ಇದನ್ನು ಕತ್ತರಿಸಿ, ‘ಖಾಲಿ ಇದೆ ಅಂದುಕೊಳ್ಳಿ’ ಎಂದು ಮುಂದೆ ಓಡುವವರ ವಿಡಿಯೊ ನಾನು ನೋಡೋದೇ ಇಲ್ಲ.

ಬಿಚ್ಚೋದು ಸುಲಭ. ಸ್ಕ್ರೂ ಸಡಿಲಿಸಿದರೆ ನಳಿಗೆ ಬಂತು. ಕುದುರೆಯ ಮನೆಯನ್ನು, ಅಂದರೆ ಕುದುರೆ ಮತ್ತು ಅದರ ಸಲಕರಣೆ ಕೂತಿರುವ ಚೌಕಟ್ಟನ್ನು, ಹಿಡಿದಿರುವುದು ಒಂದೇ ಪಿನ್. ಅದನ್ನು ಹಿತ್ತಾಳೆಯ ಇಲ್ಲವೇ ನೈಲಾನಿನ ಕಡ್ಡಿಯಿಂದ ತಳ್ಳಬೇಕು. 500ರ ಮೈ ಅಲ್ಯೂಮಿನಿಯಂ, ಉಕ್ಕಿನ ಕಡ್ಡಿ ಜಾರಿದರೆ ಗೀರು ಗ್ಯಾರಂಟಿ. ಎಷ್ಟು ಬಲ ಹಾಕಬೇಕು ಅನ್ನೋದು ಮಾತ್ರ ಯಾವ ಕ್ಯಾಮೆರಾಗೂ ಕಾಣಿಸೋದಿಲ್ಲ. ಒಳ್ಳೆಯ ಕಲಿಸುಗರು ಅದನ್ನು ಬಾಯಲ್ಲಿ ಹೇಳುತ್ತಾರೆ: ಇಲ್ಲಿ ಬೆರಳ ಒತ್ತು ಸಾಕು, ಇಲ್ಲಿ ಸಣ್ಣ ಸುತ್ತಿಗೆಯಿಂದ ಒಂದೇಟು ಬೇಕು. ಅಂಥವರು ಸಿಕ್ಕಿದರೆ ಬಿಡಬೇಡಿ. ಕೈ ತಡವರಿಸಿದ್ದನ್ನು ತೆಗೆದುಹಾಕದೆ ಹಾಗೇ ಬಿಟ್ಟಿರುವ ವಿಡಿಯೊಗಳೂ ಅಷ್ಟೇ ಉಪಯೋಗ. ತಡವರಿಕೆ ಇರುವ ಜಾಗದಲ್ಲೇ ನಮಗೂ ತೊಂದರೆ ಆಗೋದು, ಅಲ್ವಾ?

500ರಲ್ಲಿ ಆ ಜಾಗ ಯಾವುದು ಅಂದರೆ, ಒಳಗೆ ಎಡಕ್ಕೊಂದು ಬಲಕ್ಕೊಂದು ಇರುವ ಎರಡು ತೆಳು ಪಟ್ಟಿಗಳು. ಪಂಪ್ ಎಳೆದಾಗ ಇವೆರಡೂ ಸರದಿಯಲ್ಲಿ ಕೆಲಸ ಮಾಡಿ, ಕೊಳವೆಯಿಂದ ಒಂದೇ ತೋಟಾ ಹೊರಗೆ ಬರುವಂತೆ, ಹಿಂದಿನದು ಅಲ್ಲೇ ನಿಲ್ಲುವಂತೆ ನೋಡಿಕೊಳ್ಳುತ್ತವೆ. ಕುದುರೆಯ ಮನೆ ಹೊರಬಂದ ಕೂಡಲೇ ಇವನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲ. ಟಣ್ ಅಂತ ಮೇಜಿನ ಮೇಲೆ ಬೀಳುತ್ತವೆ. ರೆಮಿಂಗ್ಟನ್ 870 ಎಂಬ ಇನ್ನೊಂದು ಪಂಪ್ ಕೋವಿಯಲ್ಲಿ ಇಂಥವೇ ಪಟ್ಟಿಗಳನ್ನು ಒಳಗೋಡೆಗೆ ಜಡಿದಿರುತ್ತಾರೆ. ಆ ವಿಡಿಯೊ ನೋಡಿ ಬಂದವರಿಗೆ ಇದು ಗೊತ್ತೇ ಇರೋದಿಲ್ಲ.

ವಾಪಸ್ ಕೂರಿಸುವಾಗ ಕೋವಿಯನ್ನು ಅಂಗಾತ ಮಲಗಿಸಿರುತ್ತೇವೆ. ಆಗ ಎಡ ಬಲ ಅದಲುಬದಲು. ತೆರೆಯ ಮೇಲೆ ಎಡಕ್ಕೆ ಕಾಣುವ ಪಟ್ಟಿ ಯಾವ ಕಡೆಯದು ಅಂತ ತಲೆ ಕೆಡಿಸಿಕೊಳ್ಳುವ ಬದಲು, ಬಿಚ್ಚುವಾಗಲೇ ಫೋನಿನಲ್ಲಿ ಒಂದು ಫೋಟೊ ತೆಗೆದುಬಿಡಿ. ಪಟ್ಟಿಗಳ ಬೆನ್ನಿಗೆ ಚೂರು ಗ್ರೀಸ್ ಸವರಿದರೆ ಗೋಡೆಗೆ ಅಂಟಿಕೊಂಡು ನಿಲ್ಲುತ್ತವೆ. ಎರಡೂ ಕೈ ಬಿಡುವಾಗುತ್ತದೆ. ಆಮೇಲೆ ಸುತ್ತಿಗೆ, ಅಂದರೆ ಕುದುರೆ ಒತ್ತಿದಾಗ ಬಡಿಯುವ ಒಳಗಿನ ಹ್ಯಾಮರ್, ಹಿಂದಕ್ಕೆ ಎಳೆದು ನಿಂತಿರಬೇಕು. ಇಲ್ಲದಿದ್ದರೆ ಕುದುರೆಯ ಮನೆ ಒಳಗೆ ಹೋಗೋದೇ ಇಲ್ಲ. ಅದು ಹೊರಗಿರುವಾಗ ಸುಮ್ನೆ ಕುತೂಹಲಕ್ಕೆ ಕುದುರೆ ಒತ್ತಬೇಡಿ, ಸುತ್ತಿಗೆ ಹೋಗಿ ಬಡಿಯೋದು ಮನೆಗೇ.

ತೋಟಾದ ಹಿಂಬದಿಯನ್ನು ಮುಚ್ಚಿ ಹಿಡಿಯುವ ಬೋಲ್ಟಿನ ಕೆಳಗಿನ ಉಕ್ಕಿನ ತುಂಡಿನದ್ದೂ ಇದೇ ಕಥೆ. ಮೈಯಲ್ಲಿರುವ ಕಚ್ಚುಗಳಿಗೆ ಅದು ಸರಿಯಾಗಿ ಎದುರಾಗುವುದು ಒಂದೇ ಕಡೆ. ಪಂಪನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಿದ್ದರೆ ತಾನಾಗಿ ಇಳಿಯುತ್ತದೆ. ಒತ್ತಬೇಕು ಅನಿಸಿದರೆ ಏನೋ ವಾರೆಯಾಗಿದೆ ಎಂದೇ ಅರ್ಥ.

ಇನ್ನು ಶುಚಿ ಮಾಡೋದು. 12 ಬೋರಿನ ಒಳ ಅಗಲ ಸುಮಾರು 18.5 ಮಿಲಿಮೀಟರ್. ಆ ಅಳತೆಯ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡ್, ಬೋರಿನ ಹೆಸರು ಬಂದಿದ್ದು ಹಾಗೆ. 20 ಬೋರ್ ಅಂದರೆ ಇನ್ನೂ ಸಣ್ಣದು, 15.6 ಮಿಲಿಮೀಟರ್. ನಂಬರ್ ದೊಡ್ಡದಾದರೆ ಬ್ರಷ್ಷೂ ದೊಡ್ಡದು ಎಂದು ತಂದರೆ ಕೆಲಸ ಕೆಟ್ಟಿತು. ಕಂಚಿನ ಬ್ರಷ್ಷನ್ನು ಕೋಣೆಯ ಕಡೆಯಿಂದ ಬಾಯಿಯ ಕಡೆಗೆ ತಳ್ಳುತ್ತೇನೆ. ಕೊಳೆ ಹೊರಗೆ ಹೋಗಬೇಕೇ ಹೊರತು ಯಂತ್ರದೊಳಕ್ಕೆ ಬರಬಾರದು. ದ್ರಾವಣ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಅರ್ಧ ಕೆಲಸ ಅದೇ ಮಾಡುತ್ತದೆ.

ಹೆಚ್ಚಿನ ವಿಡಿಯೊಗಳು ಚೋಕ್ ಹತ್ತಿರ ಬಂದಾಗ ಅವಸರ ಮಾಡುತ್ತವೆ. ಬಾಯಿಗೆ ತಿರುಗಿಸಿ ಹಾಕುವ ಆ ಸಣ್ಣ ಕೊಳವೆಯನ್ನು ಪ್ರತಿ ಸಲ ಬಿಚ್ಚಿ, ಎಳೆಗಳನ್ನು ಒರೆಸಿ, ತುಸು ಗ್ರೀಸ್ ಹಚ್ಚಬೇಕು. ಇಲ್ಲದಿದ್ದರೆ ತೋಟಾದೊಳಗಿನ ಪ್ಲಾಸ್ಟಿಕ್ ಕರಗಿದ ಕರೆ, ಮದ್ದಿನ ಮಸಿ ಎಲ್ಲ ಸೇರಿ ಅದು ಕಚ್ಚಿಕೊಂಡು ಕೂತುಬಿಡುತ್ತದೆ. ಚೋಕ್ ಹಾಕದೆ ಹೊಡೆಯಲೂಬಾರದು, ನಳಿಗೆಯ ಎಳೆಗಳು ಹಾಳಾಗುತ್ತವೆ.

ಎಣ್ಣೆಯ ವಿಷಯದಲ್ಲಿ ವಿಡಿಯೊದವರು ಭಾರಿ ಉದಾರಿಗಳು. ಸುರಿಯೋದು ನೋಡಿದರೆ ಒಗ್ಗರಣೆಗೆ ಹಾಕುತ್ತಿದ್ದಾರೇನೋ ಅನಿಸುತ್ತದೆ. ಉಜ್ಜಾಡುವ ಜಾಗಕ್ಕೆ ತೆಳುವಾದ ಪದರ ಸಾಕು. ಜಾಸ್ತಿಯಾದ ಎಣ್ಣೆ ಮಸಿ ಹಿಡಿಯುತ್ತದೆ. ಬೋಲ್ಟಿನೊಳಗೆ ತೋಟಾಗೆ ಬಡಿಯುವ ಫೈರಿಂಗ್ ಪಿನ್ನಿನ ದಾರಿಗೆ ಇಳಿದರೆ ಚಳಿಯಲ್ಲಿ ಗಟ್ಟಿಯಾಗಿ ಪಿನ್ ನಿಧಾನವಾಗುತ್ತದೆ. ನೆಟ್ಟಗೆ ನಿಲ್ಲಿಸಿಟ್ಟ ಕೋವಿಯಲ್ಲಿ ಅದು ಇಳಿದಿಳಿದು ಮರದ ಹಿಡಿಗೆ ಹೋಗಿ ಮರವನ್ನು ಮೆತ್ತಗೆ ಮಾಡುತ್ತದೆ. ಎಣ್ಣೆ ಹಚ್ಚಿದ ಮೊದಲ ರಾತ್ರಿ ನಾನು ನಳಿಗೆಯ ಬಾಯಿ ಕೆಳಗೆ ಮಾಡಿ, ಬಟ್ಟೆಯ ಮೇಲೆ ನಿಲ್ಲಿಸುತ್ತೇನೆ. ಕಡೆಗೆ ಹೊರಮೈಯನ್ನು ಒಮ್ಮೆ ಒರೆಸಬೇಕು. ಬೆರಳ ಬೆವರಿಗೆ ನೀಲಿ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ.

ಜೋಡಿಸಿದ ಮೇಲೆ ಹುಸಿ ತೋಟಾ ಹಾಕಿ ಪರೀಕ್ಷೆ. ಪಂಪ್ ಮಾಡಿದರೆ ಒಂದೇ ಮೇಲೆ ಬರಬೇಕು, ಒಂದೇ ಹೊರಗೆ ಹಾರಬೇಕು. ಸೇಫ್ಟಿ ಹಾಕಿ ಒತ್ತಿದರೆ ಕುದುರೆ ಕೆಲಸ ಮಾಡಬಾರದು. ಎರಡು ತೋಟಾ ಒಟ್ಟಿಗೆ ನುಗ್ಗಿದರೆ, ಇಲ್ಲವೇ ಒಂದೂ ಬರದಿದ್ದರೆ, ಆ ಎರಡು ಪಟ್ಟಿಗಳನ್ನೇ ಮತ್ತೆ ನೋಡಬೇಕು.

ಕೆಲವು ಕಡೆ ಮಾತ್ರ ವಿಡಿಯೊ ಇದ್ದರೂ ನಾನು ಕೈ ಹಾಕೋದಿಲ್ಲ. 500ರ ಬೆನ್ನ ಮೇಲಿನ ಸೇಫ್ಟಿ ಗುಂಡಿಯ ಅಡಿಯಲ್ಲಿ ಒಂದು ಪುಟ್ಟ ಗೋಲಿ, ಸ್ಪ್ರಿಂಗ್ ಇದೆ. ಬಿಚ್ಚಿದರೆ ಅದು ಹಾರಿ ಎಲ್ಲಿ ಹೋಯಿತೆಂದು ಮಂಡಿಯೂರಿ ಹುಡುಕಬೇಕು. ಕುದುರೆಯ ಮನೆಯ ಒಳಗನ್ನು ಹೊರಗಿನಿಂದಲೇ ತೊಳೆದು, ಒಣಗಿಸಿ ಬಿಡುತ್ತೇನೆ. ಜೋಡಿ ನಳಿಗೆಯ ಕೋವಿಗಳ ಪಕ್ಕದ ಬೀಗದ, ಅಂದರೆ ಬದಿಯ ತಟ್ಟೆಗೆ ಕೂರಿಸಿದ ಗುಂಡು ಹಾರಿಸುವ ಯಂತ್ರದ, ಸ್ಕ್ರೂಗಳನ್ನಂತೂ ಮುಟ್ಟೋದೇ ಇಲ್ಲ. ಅವುಗಳ ಗೀಟು ಎಷ್ಟು ಸಣ್ಣದೆಂದರೆ ಮನೆಯ ಸ್ಕ್ರೂಡ್ರೈವರ್ ತುದಿ ಅದರಲ್ಲಿ ಕೂರದೆ ಅಂಚು ಕಿತ್ತುಹಾಕುತ್ತದೆ. ಅದಕ್ಕೆಂದೇ ತುದಿ ಅರೆದ ಸ್ಕ್ರೂಡ್ರೈವರ್ ಬೇಕು. ಆ ಕೆಲಸ ಬಂದೂಕು ರಿಪೇರಿ ಮಾಡುವವರಿಗೇ ಬಿಟ್ಟಿದ್ದೇನೆ.