ತಡವರಿಸಿ ಓದುವ ಮಗುವಿಗೆ ಮೊದಲು ಕಿವಿಯ ಪಾಠ

ನಾಲ್ಕನೆಯ ತರಗತಿಗೆ ಬಂದರೂ ತಡವರಿಸಿ ಓದುವ ಮಕ್ಕಳಲ್ಲಿ ಹಲವರು ಕಾಗುಣಿತವನ್ನು ಮಾತ್ರ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಕಾರವಾರದ ಮೀನುಗಾರರ ಕೇರಿಯ ಹುಡುಗನೊಬ್ಬ ನನ್ನೆದುರು ‘ಕ ಕಾ ಕಿ ಕೀ’ಯನ್ನು ರಾಗವಾಗಿ ಕೊನೆಯವರೆಗೂ ಹೇಳಿದ, ನಡುವಿನ ‘ಕೆ’ಯೊಂದನ್ನೇ ಬರೆದು ತೋರಿಸಿದಾಗ ಮತ್ತೆ ‘ಕ’ದಿಂದ ಬೆರಳು ಮಡಚುತ್ತ ಹಾಡಿಕೊಂಡು ಬಂದು ಅದನ್ನು ಗುರುತಿಸಿದ. ಹಾಡು ಬಾಯಿಗೆ ಬಂದಿತ್ತು, ಅಕ್ಷರದೊಳಗಿನ ಧ್ವನಿ ಕಿವಿಗೆ ಬಿದ್ದಿರಲಿಲ್ಲ. ಇಂಥ ಮಗುವಿನ ಕಣ್ಣು, ಕಿವಿಗಳನ್ನು ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ಪಾಠಕ್ಕೆ ತೊಡಗಬೇಕು.

ತೊಡಕಿಗೆ ನಮ್ಮ ಲಿಪಿಯ ಸ್ವಭಾವವೂ ಒಂದು ಕಾರಣ. ‘ಬಲೆ’ ಎಂಬಲ್ಲಿ ಕಣ್ಣಿಗೆ ಕಾಣುವುದು ಎರಡು ಅಕ್ಷರ, ಕಿವಿಗೆ ಕೇಳಬೇಕಾದ ಧ್ವನಿಗಳು ನಾಲ್ಕು: ಬ್, ಅ, ಲ್, ಎ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರ ತಮ್ಮ ಲೇಖನದಲ್ಲಿ, ಬಿಡಿ ಧ್ವನಿಗಳ ಅರಿವು ನಮ್ಮ ಮಕ್ಕಳಲ್ಲಿ ನಿಧಾನವಾಗಿ ಮೂಡುತ್ತದೆ ಎಂಬುದನ್ನು ತೋರಿಸಿದ್ದಾರೆ. ಆದ್ದರಿಂದ ಪಾಠವೂ ಇಡೀ ಅಕ್ಷರದಿಂದ ಹೊರಟು ಬಿಡಿ ಧ್ವನಿಯತ್ತ ಸಾಗಬೇಕು.

ಮೊದಲ ಒಂದೆರಡು ವಾರ ಪುಸ್ತಕ ಬೇಡ. ದಿನಕ್ಕೆ ಹದಿನೈದು ನಿಮಿಷ ಸಾಕು. ಕಡಲ ದಂಡೆಯಿಂದ ಆಯ್ದು ತಂದ ಚಿಪ್ಪುಗಳನ್ನು ಮಗುವಿನ ಮುಂದಿಟ್ಟು, ನೀವು ಹೇಳಿದ ಪದದ ಒಂದೊಂದು ಅಕ್ಷರಕ್ಕೆ ಒಂದೊಂದು ಚಿಪ್ಪನ್ನು ಸರಿಸಲು ಹೇಳಿ: ದೋಣಿಗೆ ಎರಡು, ಬಂಗುಡೆಗೆ ಮೂರು. ಅದು ಸಲೀಸಾದ ಮೇಲೆ ಮೊದಲ ಚಿಪ್ಪನ್ನು ತೆಗೆದು, ‘ಬಂ’ ಹೋದರೆ ಉಳಿಯುವುದೇನೆಂದು ಕೇಳಿ. ಬಳಿಕ ಬಿಡಿ ಧ್ವನಿಗೆ ಬನ್ನಿ. ಮನೆಯಲ್ಲಿ ಕೊಂಕಣಿ ಆಡುವ ಮಗು ಮೀನಿನ ಚಿತ್ರ ನೋಡಿ ‘ಮಾಸಳಿ’ ಎಂದರೆ ದಯವಿಟ್ಟು ತಿದ್ದಬೇಡಿ, ಅದು ಪಾಠಕ್ಕೆ ತಾನಾಗಿ ಒದಗಿಬಂದ ಪದ. ‘ಮೀನು’, ‘ಮಾಸಳಿ’ ಎರಡನ್ನೂ ಕನ್ನಡಿಯ ಮುಂದೆ ನಿಧಾನವಾಗಿ ಹೇಳಿಸಿದರೆ, ಎರಡರಲ್ಲೂ ತುಟಿಗಳು ಮೊದಲು ಮುಚ್ಚಿಕೊಳ್ಳುವುದನ್ನೂ, ಆಮೇಲೆ ಬಾಯಿ ಒಮ್ಮೆ ‘ಈ’ಗೆ ಅಗಲವಾಗಿ ಇನ್ನೊಮ್ಮೆ ‘ಆ’ಗೆ ತೆರೆದುಕೊಳ್ಳುವುದನ್ನೂ ಮಗು ತಾನೇ ನೋಡುತ್ತದೆ. ‘ಮ್’ ಅದಕ್ಕೆ ಸಿಕ್ಕುವುದು ಅಲ್ಲಿಯೇ.

ಇನ್ನು ಲಿಪಿ. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ 442 ರೂಪಗಳಾಗುತ್ತವೆ. ಅಷ್ಟನ್ನೂ ಬಿಡಿ ಚಿತ್ರಗಳಂತೆ ನೆನಪಿಡಲು ಹೊರಟ ಮಗು ಸೋಲುವುದು ಸಹಜ. ವರ್ಣಮಾಲೆಯ ಕ್ರಮವನ್ನು ಬದಿಗಿಟ್ಟು, ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಾದ ನಲಿ-ಕಲಿಯಲ್ಲಿರುವಂತೆ ರ, ಗ, ಸ, ದ, ಅ ಎಂಬ ಗುಂಪಿನಿಂದ ಹೊರಟರೆ ‘ಸರ’, ‘ಅರಸ’, ‘ಗರಗಸ’ಗಳನ್ನು ಮೊದಲ ವಾರದಲ್ಲೇ ಓದಬಹುದು. ಕಾಗುಣಿತವನ್ನು ಅಡ್ಡಸಾಲಿನಲ್ಲಿ ಹಾಡಿಸದೆ ಕಂಬಸಾಲಿನಲ್ಲಿ ಕಲಿಸಿ: ಎತ್ವವೊಂದನ್ನೇ ಹಿಡಿದು ರೆ, ಗೆ, ಸೆ, ದೆ. ಆಮೇಲೆ ‘ಬಲೆ, ಬೆಲೆ’, ‘ಕರು, ಕಾರು’ ಜೋಡಿಗಳನ್ನು ಪಕ್ಕಪಕ್ಕ ಬರೆದು, ಬದಲಾದ ಧ್ವನಿ ಯಾವುದು, ಅದಕ್ಕೆ ಬದಲಾದ ಗುರುತು ಯಾವುದು ಎಂದು ಬೆರಳಿಟ್ಟು ತೋರಿಸಲು ಹೇಳಿ. ‘ಮೊ’, ‘ಯೊ’ಗಳ ರೂಪ ಉಳಿದವುಗಳಂತಿಲ್ಲದ ಕಾರಣ ಅವನ್ನು ಪ್ರತ್ಯೇಕವಾಗಿ ಕಲಿಸಬೇಕು. ಓದಲು ಕೊಡುವ ವಾಕ್ಯಗಳಲ್ಲಿ ಕಲಿತ ಅಕ್ಷರಗಳಷ್ಟೇ ಇರಲಿ. ಚಿತ್ರ ನೋಡಿ ಊಹಿಸಿ ಹೇಳಿದ್ದನ್ನು ಓದೆಂದು ಒಪ್ಪಬೇಡಿ.

ಒತ್ತಕ್ಷರಗಳಿಗೆ ನಮ್ಮ ಜಿಲ್ಲೆಯ ತಾಲ್ಲೂಕುಗಳ ಹೆಸರುಗಳೇ ಒಳ್ಳೆಯ ಮೆಟ್ಟಿಲು. ಕಾರವಾರ, ಕುಮಟಾಗಳಲ್ಲಿ ಒತ್ತಿಲ್ಲ, ಅಂಕೋಲಾದಲ್ಲಿ ಸೊನ್ನೆಯಿದೆ, ಹೊನ್ನಾವರ, ಯಲ್ಲಾಪುರಗಳಲ್ಲಿ ಅದೇ ಅಕ್ಷರದ ಒತ್ತು, ಭಟ್ಕಳದಲ್ಲಿ ಬೇರೆ ಅಕ್ಷರದ ಒತ್ತು. ಮಗು ‘ಭಟಕಳ’ ಎಂದು ಓದಿದರೆ ‘ಟ’ದೊಳಗಿನ ‘ಅ’ವನ್ನು ಬಿಟ್ಟು ಹೇಳಿಸಿ, ಚಿಪ್ಪಿನಾಟದಲ್ಲಿ ಪಳಗಿದ ಕಿವಿ ಇಲ್ಲಿ ನೆರವಿಗೆ ಬರುತ್ತದೆ. ಅರ್ಕಾವತ್ತನ್ನು ಕೊನೆಗೆ ಇಟ್ಟುಕೊಳ್ಳಿ. ‘ಶಿರಸಿ’ಯನ್ನೂ ‘ಶಿರ್ಸಿ’ಯನ್ನೂ ಒಂದರ ಕೆಳಗೊಂದು ಬರೆದು, ಎರಡನೆಯದರಲ್ಲಿ ‘ಸಿ’ಯ ನಂತರ ಕುಳಿತ ಗುರುತಿನಿಂದ ‘ಸಿ’ಯ ಹಿಂದಕ್ಕೆ ಬಣ್ಣದ ಸೀಮೆಸುಣ್ಣದಲ್ಲಿ ಒಂದು ಬಾಣ ಎಳೆಯಿರಿ. ಕಣ್ಣು ಮುಂದೆ ಹೋಗಿ ಹಿಂದಿರುಗಬೇಕಾದ ಈ ಒಂದೇ ಗುರುತಿಗೆ ನಾನು ಪೂರ್ತಿ ಒಂದು ವಾರ ಕೊಡುತ್ತೇನೆ.