14 ನೆಯ ಮಹಡಿಯಲ್ಲಿ ಕಾವಿ ನೆಲ, ಸುಣ್ಣದ ಗೋಡೆ: ನನ್ನ ಅನುಭವ

ಮಂಗಳೂರಿನಲ್ಲಿ ಕಡಲಿಗೆ ಮುಖ ಮಾಡಿದ ಬಹುಮಹಡಿ ಕಟ್ಟಡವೊಂದರ 14 ನೆಯ ಮಹಡಿಯಲ್ಲಿ ನಾನು ಹಾಕಿಸಿದ ಕಾವಿ ನೆಲವೂ (ಸಿಮೆಂಟಿಗೆ ಕೆಂಪು ಬಣ್ಣದ ಪುಡಿ ಬೆರೆಸಿ ಹಾಕುವ ನೆಲ) ಸುಣ್ಣದ ಗೋಡೆಗಳೂ ಎರಡು ಮಳೆಗಾಲ ಕಳೆದ ಮೇಲೂ ಬಿರುಕು ಬಿಡದೆ, ಬೂಷ್ಟು ಹಿಡಿಯದೆ ನಿಂತಿವೆ. ಈ ಕೆಲಸವನ್ನು ಒಪ್ಪಿಕೊಂಡಾಗ ನನ್ನಂತೆ ಮನೆಗಳ ಒಳಾಂಗಣದ ಕೆಲಸ ಮಾಡುವ ಸ್ನೇಹಿತರು, ಕಟ್ಟಡದ ಕಂಟ್ರಾಕ್ಟರರು, ನಾನು ಹತ್ತಾರು ವರ್ಷಗಳಿಂದ ವ್ಯವಹಾರ ಮಾಡುತ್ತಿರುವ ಟೈಲ್ಸ್ ಅಂಗಡಿಯವರು ಎಲ್ಲರೂ ಹೇಳಿದ್ದು ಒಂದೇ ಮಾತು: “ಹೆಂಚಿನ ಮನೆಗಾದರೆ ಸರಿ ಮಾರಾಯ್ರೇ, ಫ್ಲ್ಯಾಟಿಗೆ ಇದೆಲ್ಲ ಆಗ್ಲಿಕ್ಕಿಲ್ಲ. ಒಂದು ಮಳೆಗಾಲ ಕಳೆಯಲಿ, ಆಮೇಲೆ ನೋಡುವ.” ಈಗ ಅವರಲ್ಲಿ ಇಬ್ಬರು ತಮ್ಮ ಗಿರಾಕಿಗಳನ್ನು ಕರೆದುಕೊಂಡು ಬಂದು ಆ ಮನೆಯನ್ನು ನೋಡಿಕೊಂಡು ಹೋಗಿದ್ದಾರೆ. ಮತ್ತೆ ಮತ್ತೆ ದೂರವಾಣಿಯಲ್ಲಿ ವಿವರಿಸುವುದಕ್ಕಿಂತ ಒಮ್ಮೆ ಬರೆದಿಡುವುದು ಒಳ್ಳೆಯದೆಂದು ಇದನ್ನು ಬರೆಯುತ್ತಿದ್ದೇನೆ.

ಫ್ಲ್ಯಾಟಿನ ವಿಸ್ತೀರ್ಣ ಸುಮಾರು 3,200 ಚದರಡಿ. ಮನೆಯ ಯಜಮಾನರು ಬಹುಕಾಲ ಕೊಲ್ಲಿ ದೇಶದಲ್ಲಿದ್ದು ಮರಳಿದವರು. ಇಟಾಲಿಯನ್ ಮಾರ್ಬಲ್ ಹಾಕಿಸಲು ಬೇಕಾದ ಹಣ ಅವರಲ್ಲಿ ಇತ್ತು, ಅದರ ದರಪಟ್ಟಿಯೂ ಅವರ ಕೈಗೆ ಬಂದಿತ್ತು. ಹಾಗಿದ್ದರೂ ಮೂಡುಬಿದಿರೆ ಕಡೆಯ ತಮ್ಮ ತಾಯಿಮನೆಯ ಚಾವಡಿಯಂಥ ನೆಲವೇ ತಮಗೆ ಬೇಕೆಂದು ಮನೆಯಾಕೆ ಪಟ್ಟು ಹಿಡಿದರು. ಇಂದು ಆ ಮನೆಯ ಬಾಗಿಲು ತೆರೆದರೆ ಮೊದಲು ಕಾಣುವುದು ಆರುನೂರು ಚದರಡಿಯ ಕೆಂಪು ನೆಲ, ಅದರ ಸುತ್ತ ಒಂದು ಗೇಣು ಅಗಲದ ಕಪ್ಪು ಅಂಚು. ಎದುರಿನ ಗಾಜಿನಾಚೆ ನೇತ್ರಾವತಿ ಮತ್ತು ಫಲ್ಗುಣಿ ಹೊಳೆಗಳು ಕೂಡಿ ಕಡಲು ಸೇರುವ ಅಳಿವೆ ಕಾಣುತ್ತದೆ. ಎಡಗೋಡೆಯ ಮೇಲೆ ಅದೇ ಅಳಿವೆಯ ನಕ್ಷೆಯನ್ನು ಕಾವಿ ಕಲೆಯಲ್ಲಿ ಕೆತ್ತಿಸಲಾಗಿದೆ. ನಾನು ಈವರೆಗೆ ಮಾಡಿದ ಕೆಲಸಗಳಲ್ಲಿ ಆ ಗೋಡೆಗೆ ಸಮನಾದದ್ದು ಮತ್ತೊಂದಿಲ್ಲ.

ಮೊದಲು ನೆಲದ ವಿಷಯ. ಮಾದರಿ ಹಾಕಿ ನೋಡುವುದಕ್ಕೇ ಎರಡೂವರೆ ಲಕ್ಷದಷ್ಟು ಹಣ ಹೋಯಿತು. ಬೋಳಾರದ ನನ್ನ ಶೆಡ್ಡಿನಲ್ಲಿ ನಾಲ್ಕಡಿ ಅಗಲ, ನಾಲ್ಕಡಿ ಉದ್ದದ ಚೌಕಗಳನ್ನು ಒಂದರ ಹಿಂದೆ ಒಂದರಂತೆ ಹಾಕಿಸಿದೆವು. ಮೊದಲಿನವುಗಳಲ್ಲಿ ವಾರ ಕಳೆಯುವ ಮೊದಲೇ ಮೇಲ್ಮೈಯಲ್ಲೆಲ್ಲ ಸಣ್ಣ ಬಿರುಕುಗಳು ಮೂಡಿದವು. ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಕಾವಿ ಎಂಬ ಹಳೆಯ ಲೆಕ್ಕವನ್ನು ಎಲ್ಲ ಮೇಸ್ತ್ರಿಗಳೂ ಬಾಯಿಪಾಠ ಹೇಳುತ್ತಾರೆ. ಅಷ್ಟು ಬಣ್ಣ ಸೇರಿದರೆ ನೀರು ಹೆಚ್ಚು ಬೇಕಾಗುತ್ತದೆ, ಮೇಲ್ಪದರ ಸೊರಗುತ್ತದೆ. ಅದರ ಮೇಲೆ ಇಂದಿನ 53 ದರ್ಜೆಯ ಸಿಮೆಂಟ್ ಬೇಗನೆ ಬಿಸಿಯೇರಿ ಬೇಗನೆ ಬಿಗಿದುಕೊಳ್ಳುವುದರಿಂದ ಕರಣೆಯಿಂದ ಒತ್ತಿ ಒತ್ತಿ ಹೊಳಪು ತರುವಷ್ಟು ಸಮಯವೇ ಸಿಗುವುದಿಲ್ಲ. 43 ದರ್ಜೆಗೆ ಇಳಿದು, ಕಾವಿಯನ್ನು ಹಳೆಯ ಲೆಕ್ಕದ ಅರ್ಧಕ್ಕೂ ಕಡಿಮೆ ಮಾಡಿದಾಗ ಬಿರುಕು ನಿಂತಿತು. ಬಣ್ಣ ಮಾತ್ರ ಸ್ವಲ್ಪ ಮಂಕಾಯಿತು. ಅದನ್ನು ಮರಳಿ ತಂದದ್ದು ಕೊನೆಯ ಕೈಯಲ್ಲಿ ನೀರಿನ ಬದಲು ಚಿಮುಕಿಸಿದ ಎಲೆಯ ಲೋಳೆ. ಆ ಎಲೆ ಯಾವುದೆಂದು ಇಲ್ಲಿ ಹೇಳುವುದಿಲ್ಲ. ಕಾರ್ಕಳ ಕಡೆಯ ಹಿರಿಯ ಮೇಸ್ತ್ರಿಯವರು ನನ್ನನ್ನು ನಂಬಿ ತೋರಿಸಿದ ವಿದ್ಯೆ ಅದು.

ಹೊಯಿಗೆಯ, ಅಂದರೆ ಮರಳಿನ, ಬಗ್ಗೆ ಒಂದು ಮಾತು. ಉಪ್ಪುನೀರು ಏರುವ ಕಡೆಯ ಹೊಯಿಗೆಯನ್ನು ಕಾವಿ ನೆಲಕ್ಕೆ ಮುಟ್ಟಲೇಬಾರದು. ಉಪ್ಪು ಗಾಳಿಯ ಪಸೆಯನ್ನು ಎಳೆದುಕೊಂಡು ಆಷಾಢದಲ್ಲಿ ಬಿಳಿಯ ಹುಡಿಯಾಗಿ ಮೇಲೆ ಬರುತ್ತದೆ. ಕೆಳಪದರಕ್ಕೆ ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಬಳಸಿ, ಮೇಲಿನದಕ್ಕೆ ಮಾತ್ರ ಹೊಳೆಯ ಮೇಲ್ಭಾಗದ ಹೊಯಿಗೆಯನ್ನು ತರಿಸಿ, ಸಿಹಿನೀರಿನಲ್ಲಿ ತೊಳೆಸಿ, ನೆರಳಿನಲ್ಲಿ ಒಣಗಿಸಿದೆವು.

ಕಾಂಕ್ರೀಟ್ ಚಪ್ಪಡಿಯ ಮೇಲೆ ಕಾವಿ ನೆಲ ಒಡೆಯುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿತ್ತು. ಚಪ್ಪಡಿ ಭಾರಕ್ಕೆ ತಕ್ಕಂತೆ ಕೂದಲೆಳೆಯಷ್ಟಾದರೂ ಬಾಗುತ್ತದೆ, ಹೆಂಚಿನ ಮನೆಯ ನೆಲಕ್ಕೆ ಕೆಳಗೆ ಮಣ್ಣು ಇರುವುದರಿಂದ ಆ ತೊಂದರೆ ಇರುವುದಿಲ್ಲ. ಆದುದರಿಂದ ಇಡೀ ಚಾವಡಿಯನ್ನು ಒಂದೇ ಹಾಸಾಗಿ ಹಾಕದೆ, ಐದಾರು ಅಡಿಗೊಂದರಂತೆ ಹಿತ್ತಾಳೆಯ ಪಟ್ಟಿ ಕೊಟ್ಟು ಚೌಕಗಳಾಗಿ ವಿಂಗಡಿಸಿದೆವು. ಪಟ್ಟಿಗಳನ್ನು ಎಲ್ಲಿ ಕೂರಿಸಬೇಕೆಂಬುದನ್ನು ಕಣ್ಣಿನ ಅಂದಕ್ಕೆ ಬಿಡದೆ, ಕೆಳಗಿನ ತೊಲೆಗಳು ಎಲ್ಲೆಲ್ಲಿ ಹಾದುಹೋಗಿವೆ ಎಂಬುದನ್ನು ಕಟ್ಟಡದ ನಕ್ಷೆಯಿಂದ ತೆಗೆದುಕೊಂಡು ಅದಕ್ಕೆ ಹೊಂದಿಸಿದೆವು. ಭಾರದ ಪ್ರಶ್ನೆಯನ್ನು ಬಗೆಹರಿಸುವುದು ಕಷ್ಟವಾಗಲಿಲ್ಲ. ಕಟ್ಟಿದವರೇ ಹಾಸಿಕೊಟ್ಟಿದ್ದ ವಿಟ್ರಿಫೈಡ್ ಟೈಲ್ಸನ್ನು ಅದರ ಎರಡಿಂಚಿನ ಗಾರೆಯ ಸಮೇತ ಕಿತ್ತು ತೆಗೆದು, 40 ಮಿಲಿಮೀಟರಿನೊಳಗೆ ನಮ್ಮ ಎರಡೂ ಪದರಗಳನ್ನು ಮುಗಿಸಿದೆವು. ಚದರ ಮೀಟರಿಗೆ ಎಂಬತ್ತು ತೊಂಬತ್ತು ಕಿಲೋ, ಅಂದರೆ ತೆಗೆದದ್ದಕ್ಕಿಂತ ಕಡಿಮೆಯೇ ಎಂದು ಎಂಜಿನಿಯರರು ಲಿಖಿತವಾಗಿ ಒಪ್ಪಿಕೊಟ್ಟರು.

ಎಲ್ಲರೂ ಮಳೆಗೆ ಹೆದರಿಸಿದ್ದರು, ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಗಾಳಿ. ಶೆಡ್ಡಿನಲ್ಲಿ ಸರಿಯಾಗಿ ಬಂದ ಮಾದರಿಯನ್ನೇ ಮೇಲೆ ಕೊಂಡುಹೋಗಿ ಅದೇ ಕೈಯಿಂದ, ಅದೇ ಸಾಮಾನಿನಿಂದ ಹಾಕಿಸಿದಾಗ ಮೇಲ್ಪದರ ಹಪ್ಪಳದಂತೆ ಎದ್ದು ಬಂತು. ಆ ಎತ್ತರದಲ್ಲಿ ಮಧ್ಯಾಹ್ನ ಶುರುವಾಗುವ ಕಡಲ ಗಾಳಿ, ಕೆಳಪದರ ಬಿಗಿಯುವ ಮೊದಲೇ ಮೇಲ್ಪದರದ ನೀರನ್ನು ಹೀರಿಬಿಡುತ್ತದೆ. ರಾತ್ರಿ ನೆಲದ ಕಡೆಯಿಂದ ಕಡಲಿಗೆ ಬೀಸುವ ಗಾಳಿ ಮೆಲ್ಲನೆಯದು. ಹಾಗಾಗಿ ಪಡುವಣ ಕಿಟಕಿಗಳಿಗೆಲ್ಲ ಒದ್ದೆ ಗೋಣಿ ಕಟ್ಟಿ, ಸಂಜೆ ಏಳರ ನಂತರ ಕೆಲಸ ಹಿಡಿದು, ಒಂದು ಕೋಣೆಯನ್ನು ಬೆಳಗಿನ ಜಾವದೊಳಗೆ ಮುಗಿಸುವ ಕ್ರಮವನ್ನು ಇಟ್ಟುಕೊಂಡೆವು. ಸಂಜೆ ಆರರ ಮೇಲೆ ಸದ್ದಿನ ಕೆಲಸ ಕೂಡದೆಂಬ ಕಟ್ಟಡದ ನಿಯಮ ನಮಗೆ ಅಡ್ಡಿಯಾಗಲಿಲ್ಲ, ಕರಣೆ ಸದ್ದು ಮಾಡುವುದಿಲ್ಲ. ಆದರೆ ರಾತ್ರಿ ಪಾಳಿಯೆಂದು ಮೇಸ್ತ್ರಿಯವರಿಗೆ ದಿನಕ್ಕೆ ಎರಡು ಸಾವಿರದ ಮೇಲೆ, ಕೈಯಾಳುಗಳಿಗೆ ಸಾವಿರದ ಮುನ್ನೂರರಷ್ಟು ಕೂಲಿ ಕೊಡಬೇಕಾಯಿತು.

ಹಾಕಿದ ನೆಲ ಗಟ್ಟಿಯಾಗಲು ನೀರುಣಿಸುವುದು ಮತ್ತೊಂದು ತೊಡಕಾಯಿತು. ಊರ ಮನೆಯಲ್ಲಾದರೆ ಅಂಚು ಕಟ್ಟಿ ವಾರವಿಡೀ ನೀರು ನಿಲ್ಲಿಸುತ್ತಾರೆ. ಇಲ್ಲಿ ಕೆಳಗಿನ ಫ್ಲ್ಯಾಟಿನವರು ತಮ್ಮ ಫಾಲ್ಸ್ ಸೀಲಿಂಗಿಗೆ ನೀರು ಇಳಿಯುವುದೆಂದು ಮೊದಲೇ ದೂರು ಬರೆದಿಟ್ಟಿದ್ದರು. ಚಪ್ಪಡಿಗೆ ನೀರುನಿರೋಧಕ ಲೇಪ ಎರಡು ಕೈ ಕೊಟ್ಟು, ಮೇಲೆ ಒದ್ದೆ ಗೋಣಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಹತ್ತು ದಿನಗಳಷ್ಟು ಕಾಲ ಪಸೆಯನ್ನು ಮಾತ್ರ ಉಳಿಸಿಕೊಂಡೆವು. ಲೇಪಕ್ಕೆ ಎಪ್ಪತ್ತು ಸಾವಿರದ ಹತ್ತಿರ ಬಿತ್ತು. ಕೆಳಗೆ ಒಂದು ಹನಿಯೂ ಇಳಿಯಲಿಲ್ಲ.

ಇನ್ನು ಕಾವಿ ಚಿತ್ರದ ಗೋಡೆ. ಉತ್ತರ ಕನ್ನಡ ಮತ್ತು ಗೋವೆಯ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಈ ಕಲೆಯನ್ನು ನೋಡಿದವರಿಗೆ ಕ್ರಮ ಗೊತ್ತೇ ಇದೆ: ಬಿಳಿಯ ಸುಣ್ಣದ ಸಾರಣೆ, ಅದರ ಮೇಲೆ ತೆಳುವಾದ ಕೆಂಪು ಪದರ, ಅದು ಹಸಿಯಾಗಿರುವಾಗಲೇ ಸೂಜಿಮೊನೆಯ ಉಳಿಯಿಂದ ಕೆರೆದು ಒಳಗಿನ ಬಿಳುಪನ್ನು ಹೊರತರುವುದು. ಇದು ಫ್ಲ್ಯಾಟಿನಲ್ಲಿ ನಿಲ್ಲುವುದೇ ಎಂದು ಯಜಮಾನರು ಕೇಳಿದಾಗ ನಾನು ಅವರನ್ನು ಸಂತ ಅಲೋಶಿಯಸ್ ಚಾಪೆಲಿಗೆ ಕರೆದುಕೊಂಡು ಹೋದೆ. ಇಟಲಿಯ ಆಂಟೋನಿಯೊ ಮೋಸ್ಕೆನಿ 1900 ರ ಆಸುಪಾಸಿನಲ್ಲಿ ಬಿಡಿಸಿದ ಗೋಡೆಚಿತ್ರಗಳು ಇದೇ ಊರಿನ ಉಪ್ಪುಗಾಳಿಯಲ್ಲಿ, ಆರೈಕೆ ಪಡೆದುಕೊಂಡು, ಶತಮಾನ ದಾಟಿ ಉಳಿದಿವೆ. ಅವರು ಅಲ್ಲಿಯೇ ಒಪ್ಪಿದರು.

ಕಪ್ಪೆಚಿಪ್ಪಿನ ಸುಣ್ಣವನ್ನು ತರಿಸಿ, ಅರಳಿಸಿ, ಬೆಲ್ಲದ ನೀರು ಸೇರಿಸಿ, ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ನೀರಿನಡಿ ತಿಂಗಳುಗಟ್ಟಲೆ ಇಟ್ಟೆವು. ಬೆಲ್ಲ ಎಷ್ಟು ಎಂಬುದೂ ನನ್ನಲ್ಲೇ ಇರಲಿ. ಅಂಗಡಿಯ ಪುಡಿಸುಣ್ಣದಿಂದ ಮಾಡಿದ ಮಾದರಿ ಬೆರಳಿಗೆ ಅಂಟುತ್ತಿತ್ತು, ಹಳತಾದ ಸುಣ್ಣದ್ದು ಉಗುರಿಗೂ ಜಗ್ಗಲಿಲ್ಲ ಎಂಬಷ್ಟನ್ನು ಹೇಳಬಲ್ಲೆ. ಗೋಡೆಯ ಪುಟ್ಟಿ ಮತ್ತು ಎಮಲ್ಷನ್ ಬಣ್ಣವನ್ನು ಪೂರ್ತಿ ಕೆರೆಸಿ, ಸಿಮೆಂಟಿನ ಸಾರಣೆಗೆ ಒತ್ತೊತ್ತಾಗಿ ಕಚ್ಚು ಹಾಕಿಸದೆ ಈ ಕೆಲಸಕ್ಕೆ ಕೈ ಹಾಕಬಾರದು. ಬಣ್ಣದ ಮೇಲೆ ಸುಣ್ಣ ಹಿಡಿಯುವುದಿಲ್ಲ.

ಗೋಡೆಯ ನಡುವೆ ಕಾಂಕ್ರೀಟ್ ಕಂಬವೊಂದಿತ್ತು. ಕಂಬವೂ ಇಟ್ಟಿಗೆಯೂ ಕೂಡುವ ಸಂದಿಯಲ್ಲಿ ನೆಟ್ಟನೆಯ ಗೆರೆಯೊಂದು ಬಂದೇ ಬರುತ್ತದೆ, ಜಾಲರಿ ಹಾಕಿದರೂ ಅದು ಪೂರ್ತಿ ಮರೆಯಾಗುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ಉಪಾಯವನ್ನು ಮೇಸ್ತ್ರಿಯವರೂ ಮೆಚ್ಚಿದರು. ಬೆಂಗ್ರೆಯ ಮರಳುದಿಬ್ಬ ಹೊಳೆಗೂ ಕಡಲಿಗೂ ನಡುವೆ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಚಾಚಿಕೊಂಡಿರುವುದರಿಂದ, ನಕ್ಷೆಯಲ್ಲಿ ಅದರ ಕಡಲಂಚು ಮೇಲಿಂದ ಕೆಳಕ್ಕೆ ಹೆಚ್ಚುಕಡಿಮೆ ನೇರವಾಗಿಯೇ ಇಳಿಯುತ್ತದೆ. ಆ ಅಂಚು ಸರಿಯಾಗಿ ಸಂದಿಯ ಮೇಲೆ ಬರುವಂತೆ ಇಡೀ ಚಿತ್ರವನ್ನು ಬಲಕ್ಕೆ ಸರಿಸಿ, ಅಲ್ಲಿ ಆಳವಾದ ಗೀರು ಕೊಡಿಸಿದೆ. ಸಂದಿ ಎಷ್ಟು ಬಾಯಿಬಿಟ್ಟರೂ ಅದು ಕಡಲದಂಡೆಯಾಗಿಯೇ ಕಾಣುತ್ತದೆ. ಒಂದು ಹೊತ್ತಿಗೆ ಕೆತ್ತಿ ಮುಗಿಸಬಹುದಾದಷ್ಟೇ ಜಾಗಕ್ಕೆ ಕೆಂಪು ಬಳಿದು, ಹೊಳೆಯ ದಡಗಳ ಮೇಲೆಯೇ ಜೋಡಣೆಗಳನ್ನು ಮುಚ್ಚಿದೆವು. ಹಗಲಿನ ಗಾಳಿಗೆ ಸಿಕ್ಕಿದ ಒಂದು ಭಾಗ ಹುಡಿಯಾಗಿ ಉದುರಿದಾಗ ಅದನ್ನು ಬುಡಸಹಿತ ಕೆರೆಸಿ ಮತ್ತೆ ಮಾಡಿಸಿದೆವು. ಅದರಲ್ಲಿ ನಲವತ್ತು ಸಾವಿರದಷ್ಟು ಹೋಯಿತು. ಸುಮಾರು ನೂರು ಚದರಡಿಯ ಗೋಡೆ, ಚದರಡಿಗೆ ಸಾವಿರದ ನೂರರಂತೆ ಲೆಕ್ಕ ಬಿತ್ತು.

ದೊಡ್ಡ ಮಲಗುವ ಕೋಣೆಗೆ ಮುಚ್ಚಿಗೆ, ಅಂದರೆ ಮರದ ಒಳಚಾವಣಿ, ಕೂರಿಸಿದ್ದೇವೆ. ಬಿಚ್ಚಿದ ಹಳೆಯ ಮನೆಯೊಂದರ ಹಲಸಿನ ಹಲಗೆಗಳು ಮತ್ತು ತೊಲೆಗಳು ಅವು. ಜೋಡಣೆಯ ಅಳತೆಗಾಗಿ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಿ ಕುಂಜೂರು ಚೌಕಿಮನೆಯ ಮರಗೆಲಸವನ್ನು ಗಂಟೆಗಟ್ಟಲೆ ನೋಡಿ ಬಂದಿದ್ದೆ. ನಮ್ಮ ಮುಚ್ಚಿಗೆ ಭಾರ ಹೊರುವುದಿಲ್ಲ, ಚಪ್ಪಡಿಯಿಂದ ಇಳಿಬಿಟ್ಟದ್ದು. ಎಂಟಿಂಚು ಎತ್ತರ ಕಳೆದುಹೋಯಿತು. ಇಳಿಬಿಡುವ ಸಲಾಕೆಗಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನು ಒಪ್ಪದೆ, ಉಪ್ಪುಗಾಳಿಯನ್ನು ಹೆಚ್ಚು ತಡೆಯುವ 316 ನ್ನೇ ತರಿಸಿದೆ. ಕಡಲ ಬದಿಯಲ್ಲಿ 304 ಕ್ಕೆ ಚಹಾ ಬಣ್ಣದ ಕಲೆ ಹಿಡಿಯುವುದನ್ನು ಉಳ್ಳಾಲದ ಮನೆಗಳಲ್ಲಿ ಸಾಕಷ್ಟು ನೋಡಿದ್ದೇನೆ.

ಪಕ್ಕದ ಸಣ್ಣ ಕೋಣೆಯಲ್ಲಿ ಅಡಿಕೆ ಹಾಳೆಯನ್ನು ಚಪ್ಪಟೆಯಾಗಿ ಒತ್ತಿಸಿ ಗೋಡೆಗೆ ಹೊದಿಸುವ ಪ್ರಯೋಗವನ್ನೂ ಮಾಡಿದೆ. ಬಣ್ಣವೂ ಗೆರೆಗಳೂ ಬಹಳ ಚೆಂದ ಬಂದವು, ಜುಲೈಯಲ್ಲಿ ಬೂಷ್ಟೂ ಬಂತು. ತೋಟದಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತಿನ ನೆನಪಾಗಿ, ಅದರ ತೆಳು ದ್ರಾವಣದಲ್ಲಿ ಹಾಳೆಗಳನ್ನು ಅದ್ದಿ ಒಣಗಿಸಿ ಮತ್ತೆ ಕೂರಿಸಿದೆ. ಬೂಷ್ಟು ಬಹಳ ಕಡಿಮೆಯಾಯಿತು, ಹಾಳೆಗೆ ಮಾತ್ರ ಹಸಿರು ಛಾಯೆ ಬಂತು. ಮನೆಯಾಕೆಗೆ ಅದು ಇಷ್ಟವಾದುದರಿಂದ ಹಾಗೆಯೇ ಉಳಿಸಿದ್ದೇವೆ. ಮಕ್ಕಳ ಕೋಣೆಗಾದರೆ ಅದನ್ನು ನಾನು ಹಾಕುವುದಿಲ್ಲ. ಊಟದ ಮೇಜಿಗೆ ಹಳೆಯ ದೋಣಿಯ ಹಲಗೆ ತಂದು, ಸಿಹಿನೀರಿನಲ್ಲಿ ಮುಳುಗಿಸಿ, ನೀರು ಬದಲಿಸುತ್ತಾ ಉಪ್ಪು ಬಿಡಿಸಿದ ಕೆಲಸ ಇನ್ನೂ ಚೆನ್ನಾಗಿ ಕೂಡಿಬಂತು. ಹಲಗೆಯಲ್ಲಿ ಉಳಿದಿದ್ದ ಕಬ್ಬಿಣದ ಮೊಳೆಗಳನ್ನೆಲ್ಲ ಕಿತ್ತು ಆ ತೂತುಗಳಿಗೆ ಮರದ ಬೆಣೆ ಹೊಡೆಸಿದೆವು.

ಅಡುಗೆಮನೆಯ ಕಟ್ಟೆ ಕಾರ್ಕಳದ ಕಪ್ಪುಕಲ್ಲಿನದು, ಮೂಲೆಯಲ್ಲಿ ಕಡೆಯುವ ಕಲ್ಲನ್ನು ರಬ್ಬರಿನ ಹಾಸಿನ ಮೇಲೆ ಕೂರಿಸಲಾಗಿದೆ. ಬಾಲ್ಕನಿಯ ಒಳಗೋಡೆಗೆ ಬಿಚ್ಚಿದ ಮನೆಗಳ ಹೆಂಚುಗಳನ್ನು ಹೊದಿಸಿದೆವು. ಜೆಪ್ಪುವಿನಲ್ಲಿ 1865 ರಲ್ಲಿ ಆರಂಭವಾದ ಬಾಸೆಲ್ ಮಿಶನ್ ಕಾರ್ಖಾನೆಯ ಮುದ್ರೆಯುಳ್ಳವು ಕಣ್ಣೆತ್ತರಕ್ಕೆ ಬರುವಂತೆ ಮುದ್ರೆಯನ್ನೇ ಹೊರಮುಖವಾಗಿಸಿ ಜೋಡಿಸಿದ್ದೇವೆ. ಸ್ನಾನದ ಕೋಣೆಗೆ ಮುರಕಲ್ಲಿನ (ಜಂಬಿಟ್ಟಿಗೆಯ) ಬಿಲ್ಲೆಗಳನ್ನು ಹಾಕಿ ನೋಡಿದೆವು. ಅದರ ತೂತುಗಳಲ್ಲಿ ಸಾಬೂನಿನ ನೀರು ನಿಂತು ವಾಸನೆ ಬಂದುದರಿಂದ ತೆಗೆಸಿ ಮಾಮೂಲಿ ಟೈಲ್ಸ್ ಹಾಕಿಸಿದೆವು.

ಲೆಕ್ಕ ಹೀಗಿದೆ. ಮಾರ್ಬಲಿಗೆ ಹಾಸಿ ಹೊಳಪು ಕೊಡುವುದೂ ಸೇರಿ ಚದರಡಿಗೆ ಏಳುನೂರರ ಮೇಲೆ ಕೇಳಿದ್ದರು. ಕಾವಿ ನೆಲಕ್ಕೆ ಸಾಮಾನು ಎಪ್ಪತ್ತು ರೂಪಾಯಿಯೊಳಗೆ ಮುಗಿಯಿತು, ಕೂಲಿ, ಹಿತ್ತಾಳೆ, ಲೇಪ ಎಲ್ಲ ಸೇರಿ ಇನ್ನೂರ ಎಂಬತ್ತರ ಹತ್ತಿರ ಹೋಯಿತು. ಮಾದರಿಗಳ ಖರ್ಚಿನಲ್ಲಿ ಅರ್ಧವನ್ನು ಯಜಮಾನರು ಕೊಟ್ಟರು, ಉಳಿದುದನ್ನು ನಾನು ಹೊತ್ತುಕೊಂಡೆ. ಮುಂದಿನ ಕೆಲಸಕ್ಕೆ ನಾನು ಹೇಳುತ್ತಿರುವ ದರ ಮುನ್ನೂರ ಐವತ್ತು.

ನೆಲವನ್ನು ಬರಿಯ ನೀರಿನಿಂದ ಒರೆಸಬೇಕು, ಆ್ಯಸಿಡ್ ಬೆರೆತ ಯಾವ ದ್ರಾವಣವನ್ನೂ ತಾಗಿಸಬಾರದು ಎಂದು ಕರಾರಿನಲ್ಲೇ ಬರೆಸಿದ್ದೇನೆ. ಮೇ ಕೊನೆಯಲ್ಲಿ ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ ಜೇನುಮೇಣ ಉಜ್ಜಿಸುತ್ತೇವೆ, ಎರಡಕ್ಕೂ ಸೇರಿ ಹದಿನೈದು ಸಾವಿರದಷ್ಟಾಗುತ್ತದೆ. ಈ ಕೆಲಸ ಹಿಡಿಯುವವರು ನವೆಂಬರಿನಲ್ಲಿ ನೆಲ, ಡಿಸೆಂಬರಿನಿಂದ ಮಾರ್ಚಿನೊಳಗೆ ಗೋಡೆ ಎಂದು ಇಟ್ಟುಕೊಳ್ಳಬೇಕು. ಮಳೆಗಾಲದ ಪಸೆಯಲ್ಲಿ ಸುಣ್ಣ ಒಣಗಿ ಗಟ್ಟಿಯಾಗಲು ಬಹಳ ನಿಧಾನ. ಅದಕ್ಕೆ ತಕ್ಕಂತೆ ಸುಣ್ಣವನ್ನು ಜೂನಿನಲ್ಲೇ ಅರಳಿಸಿಡಬೇಕಾದುದರಿಂದ, ಗಿರಾಕಿಯಿಂದ ಮುಂಗಡವನ್ನೂ ಮೇ ತಿಂಗಳಲ್ಲೇ ಪಡೆದುಕೊಳ್ಳುವುದು ಅಗತ್ಯ.