ಹೆಣಿಗೆಗೆ ಒಳ್ಳೆ ದಾರ: ಎಲ್ಲಿ ಕೊಳ್ಳೋದು, ಏನು ನೋಡಿ ಕೊಳ್ಳೋದು

ನಾನು ಹೆಣೆದ ಮೊದಲ ದೊಡ್ಡ ಸ್ವೆಟರ್‌ಗೆ ಎರಡು ಬಣ್ಣದ ತೋಳುಗಳಿದ್ದವು. ಬೇಕು ಅಂತ ಮಾಡಿದ್ದಲ್ಲ. ಕೊನೆಯ ತೋಳಿನ ಅರ್ಧಕ್ಕೆ ಬಂದಾಗ ದಾರ ಮುಗಿಯಿತು. ಅದೇ ಅಂಗಡಿಗೆ ಹೋಗಿ, ಅದೇ ಕಂಪನಿಯ ಅದೇ ನಂಬರಿನ ನೀಲಿ ಉಂಡೆ ತಂದು ಮುಗಿಸಿದೆ. ರಾತ್ರಿ ದೀಪದಲ್ಲಿ ಎಲ್ಲ ಸರಿಯಾಗೇ ಕಂಡಿತ್ತು. ಬೆಳಗ್ಗೆ ಬಿಸಿಲಿಗೆ ಹಿಡಿದರೆ ಮುಂಗೈ ಹತ್ತಿರ ಗೆರೆ ಎಳೆದ ಹಾಗೆ ಬೇರೆ ನೀಲಿ! ಅಂಗಡಿಯವರದ್ದೇನೂ ತಪ್ಪಿಲ್ಲ, ಲೇಬಲ್ ಪೂರ್ತಿ ಓದದೇ ಇದ್ದವಳು ನಾನೇ.

ಎಲ್ಲಿ ಕೊಳ್ಳಬೇಕು ಅಂತ ಕೇಳುವ ಮೊದಲು ಏನು ಹೆಣೆಯುತ್ತೀರಿ ಅನ್ನೋದು ಗಟ್ಟಿಯಾಗಲಿ. ಕಾಲುಚೀಲಕ್ಕೆ ಬರೀ ಮೆತ್ತನೆ ಮೆರಿನೋ (ಮೆರಿನೋ ತಳಿಯ ಕುರಿಯ ಉಣ್ಣೆ) ತಂದರೆ ಹಿಮ್ಮಡಿ ಬೇಗ ತೂತಾಗುತ್ತದೆ, ಅದಕ್ಕೆ ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್ ಇರುವ, ಹುರಿ ಬಿಗಿಯಾಗಿರುವ ದಾರ ಬೇಕು. ಮಗುವಿನ ಬಟ್ಟೆಯಾದರೆ ವಾಷಿಂಗ್ ಮಷಿನ್‌ಗೆ ಹಾಕಬಹುದಾದದ್ದೇ ತನ್ನಿ, ಯಾಕೆಂದರೆ ಹೊಸ ತಾಯಿಗೆ ಕೈಯಲ್ಲಿ ಒಗೆಯೋಕೆ ಪುರುಸೊತ್ತಿರುವುದಿಲ್ಲ. ಶಾಲಿಗೆ ಬೇರೆ, ಚೀಲಕ್ಕೆ ಬೇರೆ. ದುಬಾರಿ ದಾರವೆಲ್ಲ ಒಳ್ಳೆ ದಾರ ಅಂತೇನಿಲ್ಲ, ಮಾಡುವ ಕೆಲಸಕ್ಕೆ ಹೊಂದಬೇಕು ಅಷ್ಟೇ.

ಕಲಿಯುವವರು ಸಾಧ್ಯವಾದರೆ ದಾರವನ್ನೇ ಮಾರುವ ಅಂಗಡಿಗೆ ಹೋಗಿ. ಅಲ್ಲಿ ಬೆಲೆ ಸ್ವಲ್ಪ ಜಾಸ್ತಿ ಇರಬಹುದು, ಆದರೆ ಮುಟ್ಟಿ ನೋಡಬಹುದು, ಮತ್ತೆ ಕೌಂಟರ್ ಹಿಂದೆ ಕೂತವರು ಸಾಮಾನ್ಯವಾಗಿ ತಾವೂ ಹೆಣೆಯುವವರೇ ಆಗಿರುತ್ತಾರೆ. ಉಂಡೆಯನ್ನು ಬೆರಳಲ್ಲಿ ಮುಟ್ಟಿ ಮೆತ್ತಗಿದೆ ಅಂತ ತೀರ್ಮಾನಿಸಬೇಡಿ, ಬೆರಳಿನ ಚರ್ಮ ದಪ್ಪ. ಕತ್ತಿನ ಪಕ್ಕ ಅಥವಾ ಮುಂಗೈ ಒಳಭಾಗಕ್ಕೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಚುಚ್ಚುವ ದಾರ ಅಲ್ಲೇ ಗೊತ್ತಾಗಿಬಿಡುತ್ತದೆ. ಉಣ್ಣೆಯ ಎಳೆ ಎಷ್ಟು ಸಣ್ಣ ಅನ್ನೋದನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ. ಮೆರಿನೋ ಸುಮಾರು 24 ಮೈಕ್ರಾನ್‌ಗಿಂತ ಕಡಿಮೆ, ಅದಕ್ಕೇ ಮೈಗೆ ಹಿತ. ಅದಕ್ಕಿಂತ ಒರಟು ಉಣ್ಣೆ ಹೊರಗೆ ಹಾಕುವ ಜಾಕೆಟ್ಟಿಗೆ ಚೆನ್ನ, ಬಾಳಿಕೆಯೂ ಬರುತ್ತದೆ.

ಆಮೇಲೆ ದಾರದ ತುದಿ ಬಿಡಿಸಿ ಎಷ್ಟು ಎಳೆ ಕೂಡಿಸಿ ಹುರಿ ಮಾಡಿದ್ದಾರೆ ಅಂತ ನೋಡಿ. ಒಂದೇ ಎಳೆಯ, ಸಡಿಲ ಹುರಿಯ ದಾರ ನೋಡೋಕೆ ಚೆಂದ, ಮುಟ್ಟಿದರೆ ಬೆಣ್ಣೆ, ಆದರೆ ಕಂಕುಳಲ್ಲಿ ಉಜ್ಜಿಕೊಂಡು ನಾಲ್ಕು ದಿನಕ್ಕೆ ಗುಂಡು ಗುಂಡಾಗಿ ಜುಂಗು ಏಳುತ್ತದೆ. ಅನುಮಾನವಿದ್ದರೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ದಾರವನ್ನು ಒಂದಷ್ಟು ಹೊತ್ತು ಉಜ್ಜಿ. ಈಗಲೇ ಜುಂಗೆದ್ದರೆ ಮುಂದೆಯೂ ಏಳುತ್ತದೆ.

ಈಗ ಲೇಬಲ್. ಅದರಲ್ಲಿ ಬಣ್ಣದ ನಂಬರ್ ಒಂದು, ಡೈ ಲಾಟ್ ನಂಬರ್ ಇನ್ನೊಂದು. ಒಂದೇ ಸಲ ಒಂದೇ ಹಂಡೆಯಲ್ಲಿ ಬಣ್ಣ ಹಾಕಿದ ದಾರಕ್ಕೆಲ್ಲ ಒಂದೇ ಲಾಟ್ ನಂಬರ್. ಮುಂದಿನ ಹಂಡೆಯ ಬಣ್ಣ ಒಂಚೂರು ಬೇರೆಯಾಗಬಹುದು, ನನ್ನ ನೀಲಿ ತೋಳಿಗೆ ಆಗಿದ್ದು ಇದೇ. ಬೇಕಾದ ಉಂಡೆಗಳನ್ನೆಲ್ಲ ಒಂದೇ ಲಾಟಿನವು ಆರಿಸಿ, ಒಂದು ಹೆಚ್ಚಿಗೆ ತನ್ನಿ. ಬಿಚ್ಚದ ಉಂಡೆ ವಾಪಸ್ ತಗೊಳ್ತೀರಾ ಅಂತ ಮೊದಲೇ ಕೇಳಿ, ಎಷ್ಟೋ ಅಂಗಡಿಗಳು ತಗೊಳ್ಳುತ್ತವೆ. ಒಂದೇ ಲಾಟ್ ಸಿಗಲೇ ಇಲ್ಲ ಅಂದರೆ ಎರಡು ಸಾಲು ಈ ಉಂಡೆಯಿಂದ, ಎರಡು ಸಾಲು ಆ ಉಂಡೆಯಿಂದ ಹೆಣೆಯುತ್ತಾ ಹೋಗಿ, ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಲೆಕ್ಕ ಹಾಕುವಾಗ ಗ್ರಾಂ ನೋಡಬೇಡಿ, ಮೀಟರ್ ನೋಡಿ. 100 ಗ್ರಾಂ ತೂಕದ ಕಾಲುಚೀಲದ ದಾರ ಸುಮಾರು 400 ಮೀಟರ್ ಬರುತ್ತದೆ, ಅದೇ 100 ಗ್ರಾಂ ವರ್ಸ್ಟೆಡ್, ಅಂದರೆ ಮಧ್ಯಮ ದಪ್ಪದ ದಾರ, ಸುಮಾರು 200 ಮೀಟರ್ ಅಷ್ಟೇ. ಹತ್ತಿ ಉಣ್ಣೆಗಿಂತ ಭಾರ, ಅಷ್ಟೇ ದಪ್ಪದ ದಾರವಾದರೂ ಅದೇ ತೂಕಕ್ಕೆ ಕಡಿಮೆ ಮೀಟರ್ ಬರುತ್ತದೆ. ಬೆಲೆಯನ್ನೂ ಮೀಟರ್‌ಗೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿದರೆ ಅಗ್ಗ ಅಂದುಕೊಂಡಿದ್ದು ಎಷ್ಟೋ ಸಲ ಅಗ್ಗವಾಗಿರುವುದಿಲ್ಲ. ದಪ್ಪಕ್ಕೆ 0ರಿಂದ 7ರವರೆಗಿನ ನಂಬರ್ ಕೆಲವು ಲೇಬಲ್‌ಗಳಲ್ಲಿರುತ್ತದೆ: 0 ಅಂದರೆ ಲೇಸ್, 1 ಕಾಲುಚೀಲದ್ದು, 3 ಡಿಕೆ (ವರ್ಸ್ಟೆಡ್‌ಗಿಂತ ಒಂಚೂರು ಸಣ್ಣದು), 4 ವರ್ಸ್ಟೆಡ್, 7 ಹಗ್ಗದಂಥದ್ದು. 'ಫೋರ್ ಪ್ಲೈ' ಅನ್ನೋ ಪದ ಮಾತ್ರ ಗೊಂದಲ ಮಾಡುತ್ತದೆ. ಕೆಲವರಿಗೆ ಅದು ನಾಲ್ಕು ಎಳೆ ಅಂತ, ಇನ್ನು ಕೆಲವರಿಗೆ ಅದು ಸಣ್ಣ ದಾರದ ಒಂದು ದಪ್ಪದ ಹೆಸರು. ಮೀಟರ್ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಎಲ್ಲ ಕರಕುಶಲ ಸಾಮಾನು ಮಾರುವ ದೊಡ್ಡ ಅಂಗಡಿಗಳಲ್ಲಿ ಅಕ್ರಿಲಿಕ್ ಜಾಸ್ತಿ. ಅಕ್ರಿಲಿಕ್ ಅಂದ ಕೂಡಲೇ ಮೂಗು ಮುರಿಯುವವರಿದ್ದಾರೆ, ನಾನು ಅವರ ಗುಂಪಲ್ಲಿಲ್ಲ. ಕಂಬಳಿಗೆ, ಆಟಿಕೆಗೆ, ಕಲಿಯೋಕೆ ಅದು ಚೆನ್ನಾಗೇ ಆಗುತ್ತದೆ. ಇಸ್ತ್ರಿ ಪೆಟ್ಟಿಗೆ ಮಾತ್ರ ದೂರ ಇಡಿ. ಲೇಬಲ್ಲೇ ಇಲ್ಲದ ದಾರವನ್ನು ಉಣ್ಣೆ ಅಂತ ಮಾರುತ್ತಿದ್ದರೆ ಒಂದು ಗೇಣು ತುಂಡು ಮನೆಗೆ ತಂದು, ಚಿಮುಟದಲ್ಲಿ ಹಿಡಿದು ಸಿಂಕ್ ಮೇಲೆ ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬರಿಸುತ್ತದೆ, ಬೆಂಕಿ ತಾನೇ ಆರುತ್ತದೆ, ಬೂದಿ ಪುಡಿಯಾಗುತ್ತದೆ. ಹತ್ತಿಗೆ ಕಾಗದ ಸುಟ್ಟ ವಾಸನೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಿಶ್ರಣವಾದರೆ ಎರಡೂ ಲಕ್ಷಣ ಕಾಣುತ್ತದೆ.

ಆನ್‌ಲೈನ್‌ನಲ್ಲಿ ಆಯ್ಕೆ ಬೇಕಾದಷ್ಟು, ಮೋಸ ಹೋಗೋಕೂ ಜಾಗ ಬೇಕಾದಷ್ಟು. 'ಮೆರಿನೋ ಬ್ಲೆಂಡ್' ಅಂತ ದೊಡ್ಡದಾಗಿ ಬರೆದು ಎಷ್ಟು ಶೇಕಡಾ ಅಂತ ಹೇಳದೇ ಇದ್ದರೆ ಮುಂದೆ ಹೋಗಿ. ಮೀಟರ್ ಬರೆಯದಿದ್ದರೂ ಅಷ್ಟೇ. 'ಕ್ಯಾಶ್‌ಮಿಯರ್ ಫೀಲ್' ಅಂದರೆ ಅದರಲ್ಲಿ ಕ್ಯಾಶ್‌ಮಿಯರ್ ಇಲ್ಲ ಅಂತ ಓದಿಕೊಳ್ಳಿ. ಕೊಳ್ಳುವ ಮುಂಚೆ ಆ ದಾರದ ಹೆಸರನ್ನು ರಾವೆಲ್ರಿಯಲ್ಲಿ ಹುಡುಕಿ. 2007ರಲ್ಲಿ ಶುರುವಾದ, ಹೆಣೆಯುವವರದ್ದೇ ತಾಣ ಅದು. ಅದೇ ದಾರದಲ್ಲಿ ಬೇರೆಯವರು ಏನೇನು ಹೆಣೆದಿದ್ದಾರೆ, ಒಗೆದ ಮೇಲೆ ಹೇಗಾಯಿತು ಅಂತ ಫೋಟೋ ಸಮೇತ ಸಿಗುತ್ತದೆ. ಮಾರುವವರ ಪುಟದಲ್ಲಿರುವ ನಕ್ಷತ್ರಗಳಿಗಿಂತ ನನಗೆ ಇದರ ಮೇಲೇ ನಂಬಿಕೆ.

ಮತ್ತೆ, ಎಷ್ಟೇ ಆಸೆಯಾದರೂ ಮೊದಲ ಸಲ ಒಂದೇ ಉಂಡೆ ತರಿಸಿ. ಅಂಗೈ ಅಗಲದ ತುಂಡು ಹೆಣೆಯಿರಿ, ಒಗೆಯಿರಿ, ಒಣಗಿಸಿ, ಅಳೆಯಿರಿ. ಸೂಪರ್‌ವಾಷ್ ಉಣ್ಣೆಯಲ್ಲಿ ಇದು ಬಹಳ ಮುಖ್ಯ. ಮಷಿನ್‌ನಲ್ಲಿ ಕಂಬಳಿ ಥರ ಗಟ್ಟಿಯಾಗದಿರಲಿ ಅಂತ ಅದರ ಎಳೆಯ ಮೇಲಿನ ಹುರುಪೆಗಳನ್ನು ಸವೆಸಿರುತ್ತಾರೆ ಅಥವಾ ಮುಚ್ಚಿರುತ್ತಾರೆ, ಹಾಗಾಗಿ ನೀರು ಬಿದ್ದ ಮೇಲೆ ಹಿಗ್ಗುವ ಸ್ವಭಾವ ಅದಕ್ಕೆ. ಒಗೆಯದೇ ಅಳೆದರೆ ಸ್ವೆಟರ್ ಮಂಡಿಗೆ ಬರುತ್ತದೆ. ಹಿಡಿಸಿತಾ? ಆಗ ಉಳಿದದ್ದನ್ನು ಒಂದೇ ಲಾಟಿನಲ್ಲಿ ಕಳಿಸಿ ಅಂತ ಸಂದೇಶ ಹಾಕಿ ತರಿಸಿ.

ಕೈಯಲ್ಲಿ ಬಣ್ಣ ಹಾಕಿ ಮಾರುವವರ ಲಡಿಗಳು ಮನಸ್ಸು ಕದಿಯುತ್ತವೆ. ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ಸ್ವೆಟರ್‌ಗೆ ಬಳಸುವಾಗ ಮೇಲೆ ಹೇಳಿದ ಎರಡೆರಡು ಸಾಲಿನ ಉಪಾಯ ಇಲ್ಲೂ ಬೇಕು. ಕಡುಕೆಂಪು, ಕಡುನೀಲಿಯಾದರೆ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ಬಣ್ಣ ಬಿಡುತ್ತದಾ ನೋಡಿ. ಲಡಿಯಿಂದ ನೇರವಾಗಿ ಹೆಣೆಯೋಕೆ ಹೋಗಬೇಡಿ, ಉಂಡೆ ಸುತ್ತಿಕೊಳ್ಳಿ, ಇಲ್ಲದಿದ್ದರೆ ಒಂದು ಸಂಜೆ ಪೂರ್ತಿ ಸಿಕ್ಕು ಬಿಡಿಸುವುದರಲ್ಲೇ ಹೋಗುತ್ತದೆ.

ಗಿರಣಿಗಳಲ್ಲಿ ಉಳಿದ ಕೋನ್‌ಗಳು (ಶಂಕುವಿನಾಕಾರದ ಕೊಳವೆಗೆ ಸುತ್ತಿದ ದಾರ) ಸಿಕ್ಕರೆ ಅದು ನಿಜಕ್ಕೂ ಅಗ್ಗ. ಕೋನ್ ಮೇಲೆ 2/28 ಅಂತಿದ್ದರೆ ಎರಡು ಎಳೆ, ಒಂದೊಂದೂ ಗ್ರಾಂಗೆ 28 ಮೀಟರ್. ಕೂಡಿಸಿದ ದಾರ ಗ್ರಾಂಗೆ 14 ಮೀಟರ್, ಅಂದರೆ 100 ಗ್ರಾಂಗೆ 1400 ಮೀಟರ್. ತೀರಾ ಸಣ್ಣ. ಮೂರ್ನಾಲ್ಕು ಸೇರಿಸಿ ಹೆಣೆದರೆ ಕಾಲುಚೀಲದ ದಾರದ ದಪ್ಪ ಬರುತ್ತದೆ. ಮಷಿನ್‌ಗೆ ಅಂತ ಎಣ್ಣೆ ಹಾಕಿರುವುದರಿಂದ ಮೊದಲು ಒರಟಾಗಿ, ಜೀವವಿಲ್ಲದ ಹಾಗೆ ಇರುತ್ತದೆ. ಒಗೆದಾಗ ಅರಳುತ್ತದೆ.

ಇನ್ನು ಹಳೆಯ ಸ್ವೆಟರ್ ಬಿಚ್ಚಿ ದಾರ ತೆಗೆಯುವುದು. ಇದು ನನಗೆ ಬಹಳ ಇಷ್ಟ. ಕೊಳ್ಳುವ ಮೊದಲು ಒಳಗಿನ ಹೊಲಿಗೆ ನೋಡಿ. ಅಂಚು ಕತ್ತರಿಸಿ ಓವರ್‌ಲಾಕ್ ಹಾಕಿದ್ದರೆ ಬಿಟ್ಟುಬಿಡಿ, ಪ್ರತಿ ಸಾಲೂ ತುಂಡು ತುಂಡಾಗಿ ಬರುತ್ತದೆ. ತುಣುಕುಗಳನ್ನು ಕುಣಿಕೆಗೆ ಕುಣಿಕೆ ಸೇರಿಸಿ ಹೊಲಿದಿದ್ದರೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಸಣ್ಣ ತೂತುಗಳಿದ್ದರೆ ನುಸಿ ಹುಳುವಿನ ಕೆಲಸ ಇರಬಹುದು. ಹಾಗಿದ್ದರೆ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟು, ಆಮೇಲೆ ಬೇರೆ ದಾರದ ಹತ್ತಿರ ತನ್ನಿ. ಬಿಚ್ಚಿದ ದಾರ ಗುಂಗುರು ಕೂದಲಿನ ಹಾಗೆ ಇರುತ್ತದೆ. ಕುರ್ಚಿ ಬೆನ್ನಿಗೆ ಲಡಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚನೆ ನೀರಲ್ಲಿ ಅದ್ದಿ ನೇತುಹಾಕಿದರೆ ಬೆಳಗ್ಗೆ ಹೊತ್ತಿಗೆ ನೆಟ್ಟಗಾಗಿರುತ್ತದೆ. ಆ ಎರಡು ಬಣ್ಣದ ತೋಳನ್ನೂ ನಾನು ಹೀಗೇ ಬಿಚ್ಚಿದೆ. ಈಗ ಅದು ಪಟ್ಟೆ ಪಟ್ಟೆ ಟೋಪಿ.